ಆ ವಜ್ರ ಯಾರೂ ಕೆತ್ತಿದ್ದಲ್ಲ

ನಮಸ್ಕಾರ. ಅಲಾಸ್ಕದ ಫೇರ್‌ಬ್ಯಾಂಕ್ಸ್‌ನಿಂದ ನೀವು ಕಳಿಸಿದ ‘ಡೈಮಂಡ್ ವಿಲೋ’ ಊರುಗೋಲುಗಳ, ಅಂದರೆ ಮೈಮೇಲೆ ವಜ್ರಾಕಾರದ ಗುರುತುಗಳಿರುವ ವಿಲೋ ಮರದ ಕೋಲುಗಳ, ಲೇಖನ ಓದಿದೆ. ಭಾಷೆ ತಿಳಿಯಾಗಿದೆ, ವಿಷಯ ಹೊಸದು. ಆದರೆ ಎರಡು ಸಾಲು ಓದಿ ನನಗೆ ಸಿಟ್ಟೇ ಬಂತು. ಅವನ್ನಷ್ಟೇ ಹೇಳುತ್ತೇನೆ.

‘ನುರಿತ ಕೈಗಳು ಕೋಲಿನ ತುಂಬ ವಜ್ರಗಳನ್ನು ಕೆತ್ತುತ್ತವೆ.’ ಇಲ್ಲ, ಕೆತ್ತುವುದಿಲ್ಲ. ವಜ್ರ ಮರದಲ್ಲೇ ಇರುತ್ತದೆ. ಸಾಮಾನ್ಯವಾಗಿ ರೆಂಬೆ ಕಾಂಡಕ್ಕೆ ಸೇರುವ ಕಡೆ ಶಿಲೀಂಧ್ರ ಹತ್ತಿ ಅಷ್ಟು ಜಾಗ ಸಾಯುತ್ತದೆ. ಸುತ್ತಲಿನ ಮರ ಮಾತ್ರ ಬೆಳೆದು ದಪ್ಪಗಾಗುತ್ತಾ ಹೋಗುತ್ತದೆ. ಸತ್ತ ಭಾಗ ಕುಳಿಯಾಗಿ ಉಳಿಯುತ್ತದೆ, ಹೆಚ್ಚುಕಡಿಮೆ ಶಂಕರಪೋಳಿ ಆಕಾರದಲ್ಲಿ. ಕೆಲಸದವರು ತೊಗಟೆ ಸುಲಿದು, ಕುಳಿಯೊಳಗೆ ಒಣಗಿ ಕೂತದ್ದನ್ನು ಚಾಕುವಿನಿಂದ ಕೆರೆದು ತೆಗೆಯುತ್ತಾರೆ. ಆಮೇಲೆ ಸ್ಯಾಂಡ್‌ಪೇಪರ್‌ನಲ್ಲಿ ತಿಕ್ಕುತ್ತಾರೆ. ಆಗ ಕೆನೆಬಣ್ಣದ ಮರದ ನಡುವೆ ಕೆಂಗಂದು ಚೇಗು, ಅಂದರೆ ಮರದ ಗಟ್ಟಿ ತಿರುಳು, ಕಾಣುತ್ತದೆ. ಚಾಕು ಕುಳಿಯ ಅಂಚನ್ನೇ ಹಿಡಿದು ಹೋಗಬೇಕು. ಕೈಚಳಕ ಇರುವುದು ಅಲ್ಲಿ.

‘ಡೈಮಂಡ್ ವಿಲೋ ಎಂಬ ಜಾತಿಯ ಮರ, ಪ್ರಕೃತಿ ಮಾತೆಯ ಪವಾಡ.’ ಅಂಥ ಜಾತಿಯೇ ಇಲ್ಲ. ಬೆಬ್ ವಿಲೋದಲ್ಲಿ ಈ ಗುರುತು ಜಾಸ್ತಿ, ಬೇರೆ ಕೆಲವು ವಿಲೋಗಳಲ್ಲೂ ಬರುತ್ತದೆ. ‘ಪವಾಡ’ ಅಂದುಬಿಟ್ಟರೆ ಓದುಗ ಮುಂದೇನು ಕೇಳಬೇಕು? ರೋಗ ಅಂತ ಬರೆಯಿರಿ. ಗಾಯ ಅಂತ ಬರೆಯಿರಿ. ಅದರಿಂದ ಆ ಕೋಲಿನ ಚೆಂದವೇನೂ ಕಡಿಮೆಯಾಗುವುದಿಲ್ಲ, ಅಲ್ವಾ?

ಇಷ್ಟು ಖಾರವಾಗಿ ಹೇಳಲು ಕಾರಣವಿದೆ. ನನ್ನ ಮೊದಲ ಲೇಖನ ಚನ್ನಪಟ್ಟಣದ ಗೊಂಬೆಗಳ ಮೇಲೆ. ‘ಕುಂಚದಿಂದ ಬಣ್ಣ ತುಂಬುತ್ತಾರೆ’ ಎಂದು ಸುಮ್ನೆ ಬರೆದಿದ್ದೆ. ಸಂಪಾದಕರು ಹಾಳೆ ವಾಪಸ್ ಕೊಟ್ಟು, ‘ಕುಂಚ ನೋಡಿದ್ಯಾ?’ ಅಂದರು. ನೋಡಿರಲಿಲ್ಲ. ಮಾರನೇ ದಿನ ಬಸ್ ಹತ್ತಿದೆ. ಅಲ್ಲಿ ಹಾಲೆಮರದ ತುಂಡು ಲೇತ್‌ನಲ್ಲಿ ತಿರುಗುತ್ತಿತ್ತು. ಒಬ್ಬರು ಬಣ್ಣದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿದರು. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಂಡಿತು. ಕುಂಚ ಎಲ್ಲೂ ಇರಲಿಲ್ಲ. ವಾಪಸ್ ಬರುವಾಗ ಬಸ್ಸಿನಲ್ಲೇ ಕೂತು ಇಡೀ ಲೇಖನ ಮತ್ತೆ ಬರೆದೆ.

ನಿಮ್ಮ ಮೂರನೇ ಪುಟದಲ್ಲಿ ಒಂದು ಸಾಲಿದೆ: ‘ಅಜ್ಜ ಕೋಲನ್ನು ತೊಡೆಯ ಮೇಲಿಟ್ಟು ತುಂಬಾ ಹೊತ್ತು ತಿರುಗಿಸುತ್ತಿದ್ದರು.’ ಅವರು ಏನು ಹುಡುಕುತ್ತಿದ್ದರು? ಮೊದಲು ಚಾಕು ಇಟ್ಟದ್ದು ಯಾವ ಕುಳಿಗೆ? ಇನ್ನೊಮ್ಮೆ ಹೋಗಿ, ಅವರ ಪಕ್ಕ ಕೂತು ನೋಡಿ ಬನ್ನಿ. ಲೇಖನ ಅಲ್ಲಿಂದ ಶುರುವಾಗಲಿ. ಮುಂದಿನ ಸಂಚಿಕೆಯಲ್ಲಿ ನಿಮಗೆ ಎರಡು ಪುಟ ಇಟ್ಟಿರುತ್ತೇನೆ.