ಮನಿಲಾದ ಸಿನಿಮಾ, ಸಾಹಿತ್ಯ ಮತ್ತು ಸಂಶೋಧಕರ ದಾರಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಫಿಲಿಪ್ಪೀನ್ಸ್‌ನ ಸಿನಿಮಾ, ಸಾಹಿತ್ಯ ಹಾಗೂ ಜನಪ್ರಿಯ ಸಂಸ್ಕೃತಿಯನ್ನು ವಿಶ್ವವಿದ್ಯಾಲಯದ ಮಟ್ಟದಲ್ಲಿ ಅಭ್ಯಾಸ ಮಾಡಬಯಸುವವರು ಕೇಳಿರುವ ಕೆಲವು ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ಸಾಹಿತ್ಯದಲ್ಲಿ ಸ್ನಾತಕೋತ್ತರ ಪದವಿ ಮುಗಿಸುತ್ತಿದ್ದೇನೆ. ಫಿಲಿಪ್ಪೀನ್ಸ್ ಚಲನಚಿತ್ರಗಳ ಮೇಲೆ ಪಿಎಚ್.ಡಿ. ಮಾಡುವ ಆಸೆಯಿದೆ. ಸಿನಿಮಾ, ಕಾದಂಬರಿ, ಕಾಮಿಕ್ಸ್ ಎಲ್ಲವನ್ನೂ ಒಂದೇ ಪ್ರಬಂಧಕ್ಕೆ ತುರುಕಬೇಡಿ, ಒಂದನ್ನು ಆರಿಸಿಕೊಳ್ಳಿ ಎಂದು ಹಿರಿಯರೊಬ್ಬರು ಹೇಳುತ್ತಾರೆ. ಅವರ ಮಾತು ಸರಿಯೇ?

ಉತ್ತರ: ಪ್ರಬಂಧವನ್ನು ಹೊತ್ತಿಗೆ ಮುಗಿಸಬೇಕೆಂಬ ದೃಷ್ಟಿಯಿಂದ ಅವರ ಮಾತು ಸರಿ. ಆದರೆ ಆ ದೇಶದ ಮಟ್ಟಿಗೆ ಈ ಮೂರರ ನಡುವೆ ಗೋಡೆ ಕಟ್ಟಿದರೆ ಯಾವುದೂ ಪೂರ್ತಿಯಾಗಿ ಕಾಣುವುದಿಲ್ಲ. ಲಿನೊ ಬ್ರೊಕಾ ಅವರು 1975ರಲ್ಲಿ ನಿರ್ದೇಶಿಸಿದ 'ಮೈನಿಲಾ ಸಾ ಮ್ಗಾ ಕುಕೊ ನಂಗ್ ಲಿವಾನಗ್' ಚಿತ್ರವನ್ನೇ ನೋಡಿ. ಕಳೆದುಹೋದ ಪ್ರೇಯಸಿಯನ್ನು ಹುಡುಕುತ್ತ ರಾಜಧಾನಿಗೆ ಬರುವ ಹಳ್ಳಿಯ ತರುಣನ ಈ ಕಥೆಯನ್ನು ಚಿತ್ರೋತ್ಸವಗಳ ಪ್ರೇಕ್ಷಕರು ಕಲಾಚಿತ್ರವೆಂದು ಗೌರವಿಸುತ್ತಾರೆ. ಆದರೆ ಇದು ಮೊದಲು ಕಾಣಿಸಿಕೊಂಡದ್ದು ಎದ್ಗಾರ್ದೊ ರೆಯೆಸ್ ಅವರ ಧಾರಾವಾಹಿ ಕಾದಂಬರಿಯಾಗಿ, 1922ರಲ್ಲಿ ಆರಂಭವಾದ 'ಲಿವಾಯ್‌ವಾಯ್' ಎಂಬ ವಾರಪತ್ರಿಕೆಯಲ್ಲಿ; ಅಡುಗೆಮನೆಯಲ್ಲೂ ಕ್ಷೌರದಂಗಡಿಯಲ್ಲೂ ಕೈಯಿಂದ ಕೈಗೆ ದಾಟುತ್ತಿದ್ದ ಬಗೆಯ ಪತ್ರಿಕೆ ಅದು. ಹೀಗೆ ಒಂದೇ ಕಥೆ ಹತ್ತು ವರ್ಷ ತುಂಬುವುದರೊಳಗೆ ಜನಪ್ರಿಯ ಓದಿನಿಂದ ಗಂಭೀರ ಸಿನಿಮಾದ ಸಾಲಿಗೆ ಬಂದು ನಿಂತಿತು. ಮಾರ್ಸ್ ರವೆಲೊ ಅವರ ಸಾಹಸನಾಯಕಿ ದಾರ್ನಾ 1950ರಲ್ಲಿ ಕಾಮಿಕ್ಸ್ ಪುಟದಲ್ಲಿ ಹುಟ್ಟಿ ಮರುವರ್ಷವೇ ತೆರೆಗೆ ಹಾರಿದಳು. ಅಲ್ಲಿನ ಸ್ಟುಡಿಯೋಗಳಿಗೆ ದಶಕಗಳ ಕಾಲ ಕಥೆಯ ಕಣಜವಾಗಿದ್ದದ್ದು ಕಾಮಿಕ್ಸ್.

ಈ ಕೊಂಡಿಯನ್ನು ಗುರುತಿಸಿದ ಹಿರಿಯ ವಿದ್ವಾಂಸರ ದಾರಿಯೂ ಹೀಗೆಯೇ ಗಡಿ ದಾಟಿದ್ದು. ಬಿಯೆನ್ವೆನಿದೊ ಲುಂಬೆರಾ ಅವರು ಡಾಕ್ಟರೇಟಿಗಾಗಿ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಅಭ್ಯಾಸ ಮಾಡಿದ್ದು ಸ್ಪ್ಯಾನಿಷ್ ಆಳ್ವಿಕೆಯ ಕಾಲದ, ಮನಿಲಾ ಸುತ್ತಲಿನವರ ಭಾಷೆಯಾದ ತಗಾಲೊಗ್‌ನ ಕಾವ್ಯವನ್ನು. ಅವರೇ 1976ರಲ್ಲಿ ಹುಟ್ಟಿದ 'ಮನುನುರಿ' ಎಂಬ ಚಲನಚಿತ್ರ ವಿಮರ್ಶಕರ ಬಳಗದ ಸ್ಥಾಪಕರಲ್ಲಿ ಒಬ್ಬರು. ಆ ಬಳಗ ನೀಡುವ ಗವಾದ್ ಉರಿಯನ್ ಪ್ರಶಸ್ತಿಗೆ ಇಂದಿಗೂ ತೂಕವಿದೆ. ಸೊಲೆದಾದ್ ರೆಯೆಸ್ ಅವರು 1905ರಿಂದ 1975ರವರೆಗಿನ ತಗಾಲೊಗ್ ಕಾದಂಬರಿಯ ಚರಿತ್ರೆಯನ್ನು 1982ರಲ್ಲಿ ಪ್ರಕಟಿಸಿದರು. ಕಾಮಿಕ್ಸನ್ನೂ ಪ್ರಣಯಕಥೆಯನ್ನೂ ತರಗತಿಯಲ್ಲಿ ನಾಚಿಕೆಯಿಲ್ಲದೆ ಚರ್ಚಿಸಬಹುದೆಂಬ ಧೈರ್ಯವನ್ನು ಅವರು ಒಂದು ಪೀಳಿಗೆಗೆ ಕೊಟ್ಟರು. ಇನ್ನೊಂದು ಉದಾಹರಣೆಯನ್ನು ಬಿಡಲು ಮನಸ್ಸಾಗುವುದಿಲ್ಲ. ಅಲ್ಲಿ ಈಸ್ಟರ್‌ಗೆ ಮುಂಚಿನ ಪವಿತ್ರ ವಾರದಲ್ಲಿ ಯೇಸುವಿನ ಯಾತನೆಯ ಪದ್ಯಕಥನವಾದ 'ಪಸ್ಯೋನ್' ಅನ್ನು ಊರವರು ಸರದಿಯ ಮೇಲೆ ರಾಗವಾಗಿ ಓದುತ್ತಾರೆ. ನಮ್ಮ ಗಮಕ ವಾಚನವನ್ನು ಕೇಳಿದವರಿಗೆ ಆ ದೃಶ್ಯ ತೀರ ಅಪರಿಚಿತವೆನಿಸದು. ರೆಯ್ನಾಲ್ದೊ ಇಲೆತೊ ಅವರು 1979ರ ತಮ್ಮ ಗ್ರಂಥದಲ್ಲಿ ಸ್ಪ್ಯಾನಿಷರ ವಿರುದ್ಧದ ಕ್ರಾಂತಿಯನ್ನು ಬಡ ರೈತ ಹೇಗೆ ಅರ್ಥಮಾಡಿಕೊಂಡ ಎಂಬುದನ್ನು ಈ ಪದ್ಯದ ಭಾಷೆಯಿಂದಲೇ ಬಿಡಿಸಿ ತೋರಿಸಿದರು. ಜನ ಹಾಡುವುದನ್ನೂ ನೋಡುವುದನ್ನೂ ಇತಿಹಾಸದ ದಾಖಲೆಯಾಗಿ ಓದುವ ಕ್ರಮ ಅಲ್ಲಿ ಆಗಲೇ ಗಟ್ಟಿಯಾಗಿ ನೆಲೆಯೂರಿತ್ತು.

ಆದ್ದರಿಂದ ನನ್ನ ಸಲಹೆ ಇಷ್ಟು: ಮೂರು ಮಾಧ್ಯಮಗಳನ್ನು ಮೂರು ಅಧ್ಯಾಯಗಳಿಗೆ ಹಂಚಬೇಡಿ. ಒಂದು ಮಾಧ್ಯಮದಿಂದ ಮತ್ತೊಂದಕ್ಕೆ ದಾಟಿದ ಒಂದೇ ಒಂದು ಕಥೆಯನ್ನೋ ಒಂದು ಪಾತ್ರವನ್ನೋ ಹಿಡಿದು, ದಾಟುವಾಗ ಅದು ಕಳೆದುಕೊಂಡದ್ದೇನು, ಪಡೆದದ್ದೇನು ಎಂದು ಕೇಳಿ. ವಿಷಯ ತಾನಾಗಿ ಕಿರಿದಾಗುತ್ತದೆ, ಹಿರಿಯರಿಗೂ ಸಮಾಧಾನವಾಗುತ್ತದೆ.

ಪ್ರಶ್ನೆ: ಫಿಲಿಪ್ಪೀನ್ಸ್‌ನಲ್ಲಿ ಇಂಗ್ಲಿಷ್ ಚೆನ್ನಾಗಿ ನಡೆಯುತ್ತದೆ. ಚಿತ್ರಗಳಿಗೆ ಇಂಗ್ಲಿಷ್ ಅಡಿಬರಹಗಳೂ ಸಿಗುತ್ತವೆ. ಹಾಗಿರುವಾಗ ಸ್ಥಳೀಯ ಭಾಷೆ ಕಲಿಯುವುದು ಕಡ್ಡಾಯವೇ?

ಉತ್ತರ: ನಿಯಮದ ಪ್ರಕಾರ ಎಲ್ಲೆಡೆ ಕಡ್ಡಾಯವಲ್ಲ. ಆದರೆ ಭಾಷೆ ಕಲಿಯದೆ ಈ ಕ್ಷೇತ್ರಕ್ಕೆ ಇಳಿಯಬೇಡಿ ಎಂದೇ ಹೇಳುತ್ತೇನೆ. ತಗಾಲೊಗ್ ಭಾಷೆಯಲ್ಲಿ 'ಪೊ' ಎಂಬ ಒಂದಕ್ಷರದ ಪದವಿದೆ. ಹಿರಿಯರೊಡನೆ, ಅಪರಿಚಿತರೊಡನೆ ಮಾತನಾಡುವಾಗ ವಾಕ್ಯದಲ್ಲಿ ಅದು ಸೇರಿಕೊಳ್ಳುತ್ತದೆ; ಕನ್ನಡದ ಗೌರವ ಬಹುವಚನ ಮಾಡುವ ಕೆಲಸವನ್ನೇ ಹೆಚ್ಚುಕಡಿಮೆ ಅದು ಮಾಡುತ್ತದೆ. ತೆರೆಯ ಮೇಲೆ ಮಗಳೊಬ್ಬಳು ತಾಯಿಯೊಡನೆ ಜಗಳವಾಡುತ್ತ ಒಮ್ಮೆಲೇ 'ಪೊ' ಬಿಟ್ಟು ಮಾತನಾಡಿದರೆ ಸಂಬಂಧ ಮುರಿದದ್ದು ಪ್ರೇಕ್ಷಕರಿಗೆ ಕೇಳಿಸುತ್ತದೆ. ಅಡಿಬರಹ ಓದುತ್ತಿರುವವರಿಗೆ ಅದರ ಸುಳಿವೂ ಸಿಗುವುದಿಲ್ಲ. ತಗಾಲೊಗ್ ಮಾತಿನ ನಡುವೆ ಇಂಗ್ಲಿಷ್ ನುಗ್ಗುವ 'ತಗ್ಲಿಷ್' ಬಳಕೆಯಲ್ಲಿ ವರ್ಗಭೇದ ಎದ್ದು ಕಾಣುತ್ತದೆ. ಯಾವ ಪಾತ್ರ ಯಾವಾಗ ಇಂಗ್ಲಿಷಿಗೆ ಹೊರಳುತ್ತದೆ ಎಂಬುದೇ ಅನೇಕ ಹಾಸ್ಯಚಿತ್ರಗಳ ಜೀವ. ಅಡಿಬರಹದಲ್ಲಿ ಎರಡೂ ಇಂಗ್ಲಿಷೇ ಆಗಿಬಿಡುವುದರಿಂದ ನಗು ಎಲ್ಲಿಂದ ಬಂತೆಂದು ಹೊರಗಿನವರಿಗೆ ತಿಳಿಯದು.

ಭಾಷೆಯ ಹೆಸರಿನ ಹಿಂದೆಯೂ ಒಂದು ಕಥೆಯಿದೆ. ತಗಾಲೊಗ್ ಅನ್ನು ರಾಷ್ಟ್ರಭಾಷೆಯ ಆಧಾರವೆಂದು 1937ರಲ್ಲಿ ಘೋಷಿಸಲಾಯಿತು, 1959ರಲ್ಲಿ ಅದಕ್ಕೆ 'ಪಿಲಿಪಿನೊ' ಎಂಬ ಹೆಸರು ಬಂತು, 1987ರ ಸಂವಿಧಾನ ಅದನ್ನು 'ಫಿಲಿಪಿನೊ' ಎಂದು ಕರೆಯಿತು. ಸೆಬುವಾನೊ, ಇಲೊಕಾನೊ, ಹಿಲಿಗೈನೊನ್ ಮೊದಲಾದ ಭಾಷೆಗಳನ್ನಾಡುವವರಿಗೆ ಈ ಹೆಸರು ಬದಲಾವಣೆಗಳಿಂದ ಪೂರ್ತಿ ಸಮಾಧಾನವಾಗಿಲ್ಲ. ಮನಿಲಾವನ್ನೇ ಇಡೀ ದೇಶವೆಂದು ಬಗೆಯುವ ತಪ್ಪನ್ನು ಹೊಸ ಸಂಶೋಧಕರು ಬಹಳ ಬೇಗ ಮಾಡುತ್ತಾರೆ. ರೆಸಿಲ್ ಮೊಹಾರೆಸ್ ಅವರು 1975ರಲ್ಲಿ ಸೆಬು ನಗರದ ಸಾನ್ ಕಾರ್ಲೊಸ್ ವಿಶ್ವವಿದ್ಯಾಲಯದಲ್ಲಿ ಸೆಬುವಾನೊ ಅಧ್ಯಯನ ಕೇಂದ್ರವನ್ನು ಕಟ್ಟಿ, ಪ್ರಾದೇಶಿಕ ಭಾಷೆಯ ಮುದ್ರಿತ ಸಾಮಗ್ರಿಯನ್ನು ತಾಳ್ಮೆಯಿಂದ ಕೂಡಿಹಾಕಿದರು. 2018ರಲ್ಲಿ ಅವರು ಸಾಹಿತ್ಯ ವಿಭಾಗದ ರಾಷ್ಟ್ರೀಯ ಕಲಾವಿದರೆಂದು ಗೌರವಿಸಲ್ಪಟ್ಟರು. ಹತ್ತೊಂಬತ್ತನೆಯ ಶತಮಾನ ನಿಮ್ಮ ಆಸಕ್ತಿಯಾದರೆ ಸ್ಪ್ಯಾನಿಷ್ ಕೂಡ ಬೇಕು. 1956ರ ಕಾನೂನಿನ ಮೂಲಕ ಶಾಲೆ ಕಾಲೇಜುಗಳಲ್ಲಿ ಪಠ್ಯವಾಗಿರುವ, ಆ ದೇಶದ ರಾಷ್ಟ್ರವೀರ ಹೊಸೆ ರಿಸಾಲ್ ಅವರ ಎರಡು ಕಾದಂಬರಿಗಳೂ (1887 ಮತ್ತು 1891) ಸ್ಪ್ಯಾನಿಷಿನಲ್ಲಿ ಬರೆದವು, ಯೂರೋಪಿನಲ್ಲಿ ಅಚ್ಚಾದವು. ದೇಶದ ಮಕ್ಕಳೆಲ್ಲ ಓದುವ ರಾಷ್ಟ್ರೀಯ ಕೃತಿಯನ್ನು ಬಹುತೇಕ ಯಾರೂ ಮೂಲದಲ್ಲಿ ಓದಲಾರರು ಎಂಬುದೇ ಒಂದು ಸಂಶೋಧನಾ ವಿಷಯ.

ಪ್ರಶ್ನೆ: ಹಳೆಯ ಚಿತ್ರಗಳು ನೋಡಲು ಸಿಗುತ್ತವೆಯೇ?

ಉತ್ತರ: ತೀರ ಹಳೆಯವು ಬಹುಮಟ್ಟಿಗೆ ಇಲ್ಲ. ಫಿಲಿಪಿನೊ ನಿರ್ದೇಶಕನ ಮೊದಲ ಕಥಾಚಿತ್ರವೆಂದು ಹೆಸರಾದ, ಹೊಸೆ ನೆಪೊಮುಸೆನೊ ಅವರ 1919ರ 'ದಲಾಗಂಗ್ ಬುಕಿದ್' ಕಳೆದುಹೋಗಿದೆ. ಎರಡನೆಯ ಮಹಾಯುದ್ಧಕ್ಕೆ ಮುಂಚಿನ ಚಿತ್ರಗಳಲ್ಲಿ ಉಳಿದಿರುವವು ಬೆರಳೆಣಿಕೆಯಷ್ಟು. ಅವುಗಳಲ್ಲಿ 1937ರ 'ಸಾಂಬೊಆಂಗಾ' ದಶಕಗಳ ನಂತರ ಪತ್ತೆಯಾದದ್ದು ಅಮೆರಿಕದಲ್ಲಿ. ಬೇಗ ಉರಿಯುವ ನೈಟ್ರೇಟ್ ಫಿಲ್ಮು, ಫಿಲ್ಮನ್ನು ಕೊಳೆಸುವ ಸೆಖೆ ಮತ್ತು ತೇವ, 1945ರಲ್ಲಿ ಮನಿಲಾವನ್ನು ನೆಲಸಮ ಮಾಡಿದ ಕಾಳಗ, ಮೇಲಾಗಿ ಸರಿಯಾದ ಸರ್ಕಾರಿ ಸಂಗ್ರಹಾಲಯವಿಲ್ಲದೆ ಸರಿದುಹೋದ ದಶಕಗಳು, ಇವೆಲ್ಲ ಸೇರಿ ಈ ನಷ್ಟವಾಗಿದೆ. ಮೇಲೆ ಹೇಳಿದ ಬ್ರೊಕಾ ಚಿತ್ರದ ಮೂಲ ನೆಗೆಟಿವ್ ಉಳಿದದ್ದು ಅದರ ಛಾಯಾಗ್ರಾಹಕರೂ ನಿರ್ಮಾಪಕರೂ ಆಗಿದ್ದ ಮೈಕ್ ದೆ ಲಿಯೋನ್ ಅವರು ಅದನ್ನು ಲಂಡನ್ನಿನ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಇರಿಸಿದ್ದರಿಂದ. 2013ರ ಜೀರ್ಣೋದ್ಧಾರ ಅದರಿಂದಲೇ ಸಾಧ್ಯವಾಯಿತು. ದೇಶದೊಳಗೆ ಎಬಿಎಸ್-ಸಿಬಿಎನ್ ಎಂಬ ಖಾಸಗಿ ಪ್ರಸಾರ ಸಂಸ್ಥೆ 2011ರಿಂದ ಅನೇಕ ಚಿತ್ರಗಳನ್ನು ಡಿಜಿಟಲ್ ರೂಪದಲ್ಲಿ ಸರಿಪಡಿಸಿತು. ಅದೇ ಸಂಸ್ಥೆಯ ಪ್ರಸಾರ ಪರವಾನಗಿಯನ್ನು 2020ರಲ್ಲಿ ಸಂಸತ್ತು ನವೀಕರಿಸಲಿಲ್ಲ. ಸಂಶೋಧಕರಿಗೆ ಇದು ಕೇವಲ ರಾಜಕೀಯ ಸುದ್ದಿಯಾಗಿರಲಿಲ್ಲ, ಅವರ ಕಪಾಟಿನ ಬೀಗದ ಕೈ ಯಾರ ಬಳಿ ಇದೆ ಎಂಬುದನ್ನು ನೆನಪಿಸಿದ ಘಟನೆಯಾಗಿತ್ತು.

ಹಾಗೆಂದು ಕಳೆದುಹೋದ ಚಿತ್ರದ ಬಗ್ಗೆ ಬರೆಯಲಾಗದು ಎಂದುಕೊಳ್ಳಬೇಡಿ. ಜಾಹೀರಾತು, ಭಿತ್ತಿಪತ್ರ, ಹಾಡಿನ ಪುಸ್ತಕ, ಸಿನಿಮಾ ಪತ್ರಿಕೆಗಳ ಓದುಗರ ಓಲೆಗಳು, ಸೆನ್ಸಾರ್ ಕಡತಗಳು, ಇವುಗಳಿಂದ ಒಂದು ಚಿತ್ರದ ಸುತ್ತಲ ಲೋಕವನ್ನು ಕಟ್ಟಿಕೊಡಬಹುದು. ಕೆಲಸ ನಿಧಾನದ್ದು, ಅದಕ್ಕೆ ತಗಲುವ ಕಾಲವನ್ನು ನಿಮ್ಮ ಯೋಜನೆಯಲ್ಲಿ ಮೊದಲೇ ಸೇರಿಸಿಕೊಳ್ಳಿ.

ಪ್ರಶ್ನೆ: ಇಷ್ಟೆಲ್ಲ ಓದಿದ ಮೇಲೆ ಕೆಲಸ ಸಿಗುತ್ತದೆಯೇ? ನೇರವಾಗಿ ಹೇಳಿ.

ಉತ್ತರ: ಸಿಗುತ್ತದೆ, ಆದರೆ ನೀವು ಅಂದುಕೊಂಡ ಹೆಸರಿನಲ್ಲಿ ಸಿಗಲಿಕ್ಕಿಲ್ಲ. 'ಫಿಲಿಪ್ಪೀನ್ಸ್ ಸಿನಿಮಾ ಪ್ರಾಧ್ಯಾಪಕರು ಬೇಕಾಗಿದ್ದಾರೆ' ಎಂಬ ಪ್ರಕಟಣೆ ಹೊರದೇಶಗಳಲ್ಲಿ ಕಾಣಸಿಗುವುದು ಅಪರೂಪ. ಹುದ್ದೆಗಳಿರುವುದು ಚಲನಚಿತ್ರ ಅಧ್ಯಯನ, ತೌಲನಿಕ ಸಾಹಿತ್ಯ, ಆಗ್ನೇಯ ಏಷ್ಯಾ ಅಧ್ಯಯನ ಎಂಬ ಹೆಸರುಗಳಲ್ಲಿ. ಅಮೆರಿಕದಲ್ಲಿ ಫಿಲಿಪಿನೊ ಮೂಲದವರು 40 ಲಕ್ಷಕ್ಕೂ ಹೆಚ್ಚಿರುವುದರಿಂದ ಅಲ್ಲಿನ ಕೆಲವು ವಿಶ್ವವಿದ್ಯಾಲಯಗಳಲ್ಲಿ ಭಾಷೆಯನ್ನೂ ಸಂಸ್ಕೃತಿಯನ್ನೂ ಕಲಿಸುತ್ತಾರೆ. ಹವಾಯಿ ವಿಶ್ವವಿದ್ಯಾಲಯದ ಮನೋವಾ ಆವರಣದಲ್ಲಿ ಫಿಲಿಪ್ಪೀನ್ಸ್ ಅಧ್ಯಯನ ಕೇಂದ್ರ 1975ರಿಂದ ಇದೆ.

ಫಿಲಿಪ್ಪೀನ್ಸ್ ಒಳಗಿನ ಚಿತ್ರ ಬೇರೆ. ಕೆಸೋನ್ ಸಿಟಿಯ ದಿಲಿಮನ್‌ನಲ್ಲಿರುವ ಫಿಲಿಪ್ಪೀನ್ಸ್ ವಿಶ್ವವಿದ್ಯಾಲಯ (ಸ್ಥಾಪನೆ 1908), ಅತೆನೆಯೊ ದೆ ಮನಿಲಾ, ದೆ ಲಾ ಸಾಲ್ ಇವು ಈ ಕ್ಷೇತ್ರದ ಮುಖ್ಯ ನೆಲೆಗಳು. ಮೊದಲನೆಯದರಲ್ಲಿ ಚಲನಚಿತ್ರಕ್ಕೆಂದೇ ಪ್ರತ್ಯೇಕ ಇನ್‌ಸ್ಟಿಟ್ಯೂಟ್ ಇದೆ. ಆದರೆ ಅಲ್ಲಿನ ಭಾಷೆ ಮತ್ತು ಸಾಹಿತ್ಯ ಅಧ್ಯಾಪಕರ ಅನ್ನ ಬಹುಕಾಲ ನಿಂತಿದ್ದು ಎಲ್ಲ ವಿದ್ಯಾರ್ಥಿಗಳೂ ಓದಲೇಬೇಕಾದ ಸಾಮಾನ್ಯ ಪಠ್ಯಗಳ ಮೇಲೆ. ಉನ್ನತ ಶಿಕ್ಷಣ ಆಯೋಗ 2013ರಲ್ಲಿ ಹೊರಡಿಸಿದ 20ನೆಯ ಆದೇಶ ಸಾಮಾನ್ಯ ಶಿಕ್ಷಣವನ್ನು 36 ಯೂನಿಟ್‌ಗಳಿಗೆ ಇಳಿಸಿ, ಕಾಲೇಜಿನಲ್ಲಿ ಫಿಲಿಪಿನೊ ಭಾಷೆ ಮತ್ತು ಸಾಹಿತ್ಯದ ಕಡ್ಡಾಯವನ್ನು ತೆಗೆದುಹಾಕಿತು. ಮರುವರ್ಷ ಅಧ್ಯಾಪಕರು 'ತಂಗೊಲ್ ವಿಕಾ', ಅಂದರೆ ಭಾಷಾ ರಕ್ಷಣೆ, ಎಂಬ ಒಕ್ಕೂಟ ಕಟ್ಟಿ ಸರ್ವೋಚ್ಚ ನ್ಯಾಯಾಲಯದವರೆಗೆ ಹೋದರು. 2015ರಲ್ಲಿ ತಾತ್ಕಾಲಿಕ ತಡೆ ಸಿಕ್ಕಿತು. 2018ರ ತೀರ್ಪು ಆದೇಶವನ್ನು ಎತ್ತಿಹಿಡಿಯಿತು. ಒಂದು ಶಾಸ್ತ್ರದ ಭವಿಷ್ಯ ಅದರ ಗ್ರಂಥಗಳ ಗುಣದಷ್ಟೇ ವೇಳಾಪಟ್ಟಿಯನ್ನೂ ಅವಲಂಬಿಸಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ನನಗೆ ತಿಳಿಯದು.

ಪ್ರಕಟಣೆಯ ವಿಚಾರವನ್ನೂ ಹೇಳಿಬಿಡುತ್ತೇನೆ. ಅತೆನೆಯೊದಿಂದ 1953ರಿಂದ ಹೊರಬರುತ್ತಿರುವ 'ಫಿಲಿಪ್ಪೀನ್ ಸ್ಟಡೀಸ್', ಅಲ್ಲಿಯದೇ 'ಕ್ರಿತಿಕಾ ಕುಲ್ತೂರಾ', ದಿಲಿಮನ್‌ನಿಂದ ಬರುವ 'ಪ್ಲಾರಿದೆಲ್' ನೀವು ಮೊದಲು ಓದಬೇಕಾದ ಮತ್ತು ಮುಂದೆ ಬರೆಯಬೇಕಾದ ನಿಯತಕಾಲಿಕಗಳು. ಇಂಗ್ಲಿಷಿನಲ್ಲಿ ಬರೆದರೆ ಬಡ್ತಿಗೆ ಅನುಕೂಲ, ಫಿಲಿಪಿನೊದಲ್ಲಿ ಬರೆದರೆ ನೀವು ಯಾರ ಬಗ್ಗೆ ಬರೆಯುತ್ತೀರೋ ಅವರೇ ನಿಮ್ಮ ತಪ್ಪು ತಿದ್ದುತ್ತಾರೆ. ಎರಡರಲ್ಲೂ ಬರೆಯುವವರ ವಾದ ಹೆಚ್ಚು ಬಿಗಿಯಾಗಿರುತ್ತದೆ ಎಂಬುದು ನನ್ನ ಅಭಿಪ್ರಾಯ.

ಪ್ರಶ್ನೆ: ತಾರೆಯರ ಅಭಿಮಾನಿಗಳ ಬಗ್ಗೆ ಸಂಶೋಧನೆ ಮಾಡುತ್ತೇನೆಂದರೆ ಜೊತೆಯವರು ನಗುತ್ತಾರೆ. ಇದು ಗಂಭೀರ ವಿಷಯವಲ್ಲವೇ?

ಉತ್ತರ: ನಗುವವರಿಗೆ ನೋರಾ ಔನೋರ್ ಅವರ ಕಥೆ ಹೇಳಿ. ಬಿಕೋಲ್ ಪ್ರಾಂತದ ಇರಿಗಾದಲ್ಲಿ ರೈಲು ನಿಲ್ದಾಣದ ಬಳಿ ನೀರು ಮಾರುತ್ತಿದ್ದ ಹುಡುಗಿ 1967ರಲ್ಲಿ ಗಾಯನ ಸ್ಪರ್ಧೆಯೊಂದನ್ನು ಗೆದ್ದು ತೆರೆಗೆ ಬಂದಾಗ, ಅಲ್ಲಿ ನಾಯಕಿಯೆಂದರೆ ಬಿಳಿ ಮೈಬಣ್ಣದ, ಯುರೋಪಿಯನ್ ಮುಖಲಕ್ಷಣದ ಮಿಶ್ರವಂಶದವಳೇ ಆಗಿರಬೇಕಿತ್ತು. ಕುಳ್ಳಗಿದ್ದ, ಕಂದುಬಣ್ಣದ ನೋರಾ ಆ ಕಟ್ಟಳೆಯನ್ನು ಮುರಿದರು. ಮನೆಗೆಲಸದವರೂ ಕಾರ್ಖಾನೆಯ ಹೆಣ್ಣುಮಕ್ಕಳೂ ತೆರೆಯ ಮೇಲೆ ಮೊದಲ ಬಾರಿಗೆ ತಮ್ಮ ಮುಖವನ್ನೇ ಕಂಡರು. 'ನೊರಾನಿಯನ್' ಎಂದು ಕರೆದುಕೊಂಡ ಅಭಿಮಾನಿಗಳಿಗೂ ವಿಲ್ಮಾ ಸಾಂತೊಸ್ ಅವರ 'ವಿಲ್ಮಾನಿಯನ್'ಗಳಿಗೂ ನಡೆದ ದಶಕಗಳ ಪೈಪೋಟಿಯಲ್ಲಿ ಬಣ್ಣ, ವರ್ಗ, ಭಕ್ತಿ ಮೂರೂ ಬೆರೆತಿವೆ. ಆ ಭಕ್ತಿಯನ್ನೇ 1982ರಲ್ಲಿ ಈಷ್ಮೇಲ್ ಬೆರ್ನಾಲ್ ಅವರು 'ಹಿಮಾಲಾ' ಚಿತ್ರದಲ್ಲಿ ಪ್ರಶ್ನೆಗೊಡ್ಡಿದರು. ದೇವಮಾತೆಯನ್ನು ಕಂಡೆನೆನ್ನುವ ಎಲ್ಸಾಳ ಸುತ್ತ ಸೇರುವ ಜನಜಂಗುಳಿಯ ಮುಂದೆ ನೋರಾ ನಿಂತಾಗ, ಅದು ಪಾತ್ರದ ಮೇಲಿನ ನಂಬಿಕೆಯೋ ತಾರೆಯ ಮೇಲಿನ ನಂಬಿಕೆಯೋ ಹೇಳುವುದು ಕಷ್ಟ. ಎರಡು ಬಾರಿ ಕೈತಪ್ಪಿದ ರಾಷ್ಟ್ರೀಯ ಕಲಾವಿದೆ ಗೌರವ ಕೊನೆಗೆ 2022ರಲ್ಲಿ ಅವರಿಗೆ ಬಂತು. ಅದೇ ವರ್ಷ 'ಹಿಮಾಲಾ' ಬರೆದ ರಿಕಿ ಲೀ ಅವರಿಗೂ ಬಂತು. ನೋರಾ 2025ರಲ್ಲಿ ತೀರಿಕೊಂಡರು. ವಯಸ್ಸಾದ ಅಭಿಮಾನಿಗಳ ಮನೆಗಳಲ್ಲಿರುವ ಕತ್ತರಿಸಿಟ್ಟ ಪತ್ರಿಕಾ ತುಣುಕುಗಳು ಚದುರಿಹೋಗುವ ಮೊದಲು ಯಾರಾದರೂ ಈ ಕೆಲಸಕ್ಕೆ ಕೈಹಾಕಬೇಕು. ನೀವೇ ಏಕಾಗಬಾರದು?

ಪ್ರಶ್ನೆ: ಎಲ್ಲಿಂದ ಆರಂಭಿಸಲಿ?

ಉತ್ತರ: ಬ್ರೊಕಾ ಅವರ ಅದೇ 1975ರ ಚಿತ್ರದಿಂದ. ಕಪ್ಪು ಬಿಳುಪಿನಲ್ಲಿ ಆರಂಭವಾಗುವ ನಗರದ ದೃಶ್ಯಗಳಿಗೆ ಬಣ್ಣ ಬರುವುದು ಯಾವ ಗಳಿಗೆಯಲ್ಲಿ ಎಂದು ಗಮನಿಸಿ. ನಾಯಕ ಹೂಲಿಯೊ ಮತ್ತೆ ಮತ್ತೆ ಬಂದು ನಿಂತು ಕಿಟಕಿಯೊಂದನ್ನು ದಿಟ್ಟಿಸುವ ಮೂಲೆ ಮನಿಲಾದ ಚೀನೀಯರ ಕೇರಿಯಲ್ಲಿ ಮಿಸೆರಿಕೊರ್ದಿಯಾ ಮತ್ತು ಒಂಗ್‌ಪಿನ್ ಬೀದಿಗಳು ಕೂಡುವಲ್ಲಿದೆ. ಮೊದಲನೆಯ ಹೆಸರಿಗೆ ಸ್ಪ್ಯಾನಿಷಿನಲ್ಲಿ ಕರುಣೆ ಎಂದರ್ಥ. ಆ ಬೀದಿಯ ಹೆಸರು ಈಗ ಬದಲಾಗಿದೆ, ಹಳೆಯ ನಕ್ಷೆಯೊಂದನ್ನು ಪಕ್ಕದಲ್ಲಿಟ್ಟುಕೊಂಡು ಚಿತ್ರ ನೋಡಿ.