ಎಂಬಿಪಿ ಕೋಶಕೇಂದ್ರದ ಸುತ್ತಲೇ ಉಳಿಯುತ್ತಿರುವ ಬಗ್ಗೆ

ನಿಮ್ಮ ಪ್ಲಾಸ್ಮಿಡ್‌ನಲ್ಲಿ (ಜೀನನ್ನು ಕೋಶದೊಳಗೆ ಒಯ್ಯುವ ಡಿಎನ್‌ಎ ಉಂಗುರ) ಎಂಬಿಪಿ (ಮಯಲಿನ್ ಬೇಸಿಕ್ ಪ್ರೋಟೀನ್) ಜೀನಿನ 3'-ಯುಟಿಆರ್, ಅಂದರೆ ಪ್ರೋಟೀನಾಗದ ಕೊನೆಯ ಭಾಗ, ಬಿಟ್ಟುಹೋಗಿರುವ ಸಾಧ್ಯತೆಯೇ ಹೆಚ್ಚು. ನರತಂತುಗಳಿಗೆ ಮಯಲಿನ್ ಹೊದಿಕೆ ಕಟ್ಟುವ ಆಲಿಗೊಡೆಂಡ್ರೊಸೈಟ್ ಕೋಶಗಳಲ್ಲಿ ಪಿಎಲ್‌ಪಿ (ಮಯಲಿನ್‌ನ ಇನ್ನೊಂದು ಪ್ರೋಟೀನು) ಚಾಚುಗಳ ತುದಿಗೆ ತಲುಪುತ್ತಿದ್ದರೂ ಎಂಬಿಪಿ-ಜಿಎಫ್‌ಪಿ (ಹೊಳೆಯುವ ಜಿಎಫ್‌ಪಿ ಗುರುತು ಜೋಡಿಸಿದ ಎಂಬಿಪಿ) ಮಾತ್ರ ಏಕೆ ತಲುಪುತ್ತಿಲ್ಲ ಎಂದು ಕೇಳಿದ್ದೀರಿ; ಇವೆರಡರ ಸಾಗಣೆಯ ದಾರಿಗಳೇ ಬೇರೆ. ಪಿಎಲ್‌ಪಿ ಪ್ರೋಟೀನು ಗಾಲ್ಜಿಯ ಮೂಲಕ ಕಿರುಚೀಲಗಳಲ್ಲಿ ಹೋಗುತ್ತದೆ. ಎಂಬಿಪಿಯಲ್ಲಾದರೆ ಮೊದಲು ಸಾಗುವುದು ಎಂಆರ್‌ಎನ್‌ಎ: ಅದು ಕಣಗಳ ರೂಪದಲ್ಲಿ ಕೈನೆಸಿನ್ ಎಂಬ ಸಾಗಣೆ ಪ್ರೋಟೀನಿನ ನೆರವಿನಿಂದ ಮೈಕ್ರೊಟ್ಯೂಬ್ಯೂಲ್ ಎಂಬ ಕೋಶದೊಳಗಿನ ಎಳೆಗಳ ಮೇಲೆ ಚಲಿಸಿ, ಮಯಲಿನ್ ಕಟ್ಟುವ ಜಾಗದಲ್ಲೇ ಪ್ರೋಟೀನಾಗುತ್ತದೆ. ಆ ಸಾಗಣೆಯ ವಿಳಾಸ, ಅಂದರೆ ಹೆಚ್‌ಎನ್‌ಆರ್‌ಎನ್‌ಪಿ-ಎ2 ಎಂಬ ಪ್ರೋಟೀನು ಅಂಟಿಕೊಳ್ಳುವ ಸರಣಿ, ಇರುವುದು ಆ ಯುಟಿಆರ್‌ನಲ್ಲಿ. ಧನಾವೇಶದ ಎಂಬಿಪಿ ಸಿಕ್ಕ ಪೊರೆಗೆ ಅಂಟುವುದರಿಂದ, ಕೋಶಕಾಯದಲ್ಲಿ ತಯಾರಾದದ್ದು ಬಹುಪಾಲು ಅಲ್ಲೇ ಉಳಿಯುತ್ತದೆ.

ಮೊದಲು ಜಿಎಫ್‌ಪಿ ಸೇರಿಸದ ಕೋಶಗಳಲ್ಲಿ ಸಹಜ ಎಂಬಿಪಿಗೆ ಬಣ್ಣ ಹಾಕಿ ನೋಡಿರಿ. ಅದೂ ಒಳಗೇ ಇದ್ದರೆ ಕೋಶಗಳು ಇನ್ನೂ ಬಲಿತಿಲ್ಲದಿರಬಹುದು. ಇನ್ನೆರಡು ದಿನ ಬೆಳೆಸಿ, ಟ್ಯೂಬ್ಯುಲಿನ್ (ಮೈಕ್ರೊಟ್ಯೂಬ್ಯೂಲ್‌ನ ಪ್ರೋಟೀನು) ಬಣ್ಣದಲ್ಲಿ ಚಾಚುಗಳ ಎಳೆಗಳು ತುಂಡಾಗಿಲ್ಲವೆಂದು ಖಚಿತಪಡಿಸಿಕೊಳ್ಳಿರಿ. ಸಹಜ ಎಂಬಿಪಿ ತುದಿಯವರೆಗೆ ಹರಡಿದ್ದರೆ ಪ್ಲಾಸ್ಮಿಡ್‌ನ ಸರಣಿಯನ್ನು ಓದಿಸಿ, ಸ್ಟಾಪ್ ಕೋಡಾನ್ (ಪ್ರೋಟೀನು ಮುಗಿಯುವ ಗುರುತು) ಮತ್ತು ಪಾಲಿ-ಎ ಸಂಕೇತದ (ಎಂಆರ್‌ಎನ್‌ಎ ಕೊನೆಗೊಳ್ಳುವ ಗುರುತು) ನಡುವೆ ಪೂರ್ಣ ಯುಟಿಆರ್ ಸೇರಿಸಿರಿ. ಹೆಚ್‌ಎನ್‌ಆರ್‌ಎನ್‌ಪಿ-ಎ2 ಅಂಟುವ ಚಿಕ್ಕ ಸರಣಿಯೊಂದನ್ನೇ ಸೇರಿಸುವುದನ್ನು ನಾನು ಸೂಚಿಸುವುದಿಲ್ಲ. ಅನಂತರ ಇನ್ ಸಿಟು (ಆರ್‌ಎನ್‌ಎ ಕೋಶದಲ್ಲಿ ಎಲ್ಲಿದೆಯೆಂದು ತೋರಿಸುವ) ವಿಧಾನದಿಂದ ಜಿಎಫ್‌ಪಿ ಆರ್‌ಎನ್‌ಎ ಹುಡುಕಿರಿ: ಚಾಚುಗಳ ಉದ್ದಕ್ಕೂ ಬಿಡಿ ಚುಕ್ಕೆಗಳು ಕಂಡರೆ ಸಾಗಣೆ ಸರಿಹೋಗಿದೆ.