ಜಾರುಬಂಡೆಯ ಕೆಳಗೆ ಏನು ಹಾಸಬೇಕು?

ಪತ್ರ: ನಮ್ಮದು ತುಮಕೂರು ಜಿಲ್ಲೆಯ ಒಂದು ಸರ್ಕಾರಿ ಪ್ರಾಥಮಿಕ ಶಾಲೆ. ದಾನಿಗಳು ಜಾರುಬಂಡೆ (ಮಕ್ಕಳು ಹತ್ತಿ ನಿಲ್ಲುವ ಅಟ್ಟ 5 ಅಡಿ ಎತ್ತರ, ನೆಲದ ಮೇಲೆ 10 ಅಡಿ ಉದ್ದ, 3 ಅಡಿ ಅಗಲ) ಮತ್ತು ಉಯ್ಯಾಲೆ (ಮೇಲಿನ ಪೈಪು 8 ಅಡಿ) ಕೊಡಿಸಿದ್ದಾರೆ. ಎರಡನ್ನೂ ಮಣ್ಣಿನ ನೆಲದಲ್ಲಿ ಕಾಂಕ್ರೀಟ್ ಹಾಕಿ ನಿಲ್ಲಿಸಿದ್ದಾಗಿದೆ. ಕೆಳಗೆ ಸಿಮೆಂಟ್ ಹಾಕಿ ಕೃತಕ ಹುಲ್ಲು ಹಾಸೋಣ ಎನ್ನುತ್ತಾರೆ ಗುತ್ತಿಗೆದಾರರು. ಒಂದಿಂಚಿನ ರಬ್ಬರ್ ಟೈಲ್ ಸಾಕು ಎಂದು ಕೆಲವರು, ಮರಳು ಸಾಕು ಎಂದು ಮುಖ್ಯ ಶಿಕ್ಷಕರು. ಯಾವುದು ಸರಿ? – ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರು

ಉತ್ತರ: ನಿಮ್ಮ ಮುಖ್ಯ ಶಿಕ್ಷಕರ ಮಾತೇ ಸರಿ. ಆದರೆ ಒಂದು ಟ್ರ್ಯಾಕ್ಟರ್ ಮರಳು ತಂದು ಸುರಿದರೆ ಕೆಲಸ ಮುಗಿಯಿತು ಅಂದುಕೊಳ್ಳಬೇಡಿ.

ಕೃತಕ ಹುಲ್ಲನ್ನು ಮೊದಲು ಕೈಬಿಡಿ. ಸಿಮೆಂಟಿನ ಮೇಲೆ ಹಾಸಿದ ಹುಲ್ಲು ಸಿಮೆಂಟೇ. ನೋಡಲು ಮೆತ್ತಗೆ ಕಾಣುವುದರಿಂದ ಮಕ್ಕಳೂ ಮೇಷ್ಟ್ರೂ ಎಚ್ಚರ ತಪ್ಪುತ್ತಾರೆ, ಅಷ್ಟೇ. ಈಗಿರುವ ಮಣ್ಣೂ ಆಗದು. ಬೇಸಿಗೆಯಲ್ಲಿ ಕಾಲ್ತುಳಿತಕ್ಕೆ ಅದು ಕಲ್ಲಾಗುತ್ತದೆ.

ಆಟದ ನೆಲವನ್ನು ಅಳೆಯುವ ಕ್ರಮ ಹೀಗಿದೆ. ತಲೆಯಾಕಾರದ, ಒಳಗೆ ಮಾಪಕವಿರುವ ಗುಂಡನ್ನು ಬೇರೆ ಬೇರೆ ಎತ್ತರದಿಂದ ಬೀಳಿಸಿ, ತಲೆಗೆ ಆಗುವ ಪೆಟ್ಟಿನ ಸೂಚ್ಯಂಕ ಎಚ್‌ಐಸಿ 1000 ಮುಟ್ಟುವ ಎತ್ತರ ಯಾವುದೆಂದು ನೋಡುತ್ತಾರೆ. ಆ ನೆಲ ತಡೆಯಬಲ್ಲ ಗರಿಷ್ಠ ಎತ್ತರ ಅದು. ಯುರೋಪಿನ ಇಎನ್ 1177, ಅಮೆರಿಕದ ಎಎಸ್‌ಟಿಎಂ ಎಫ್ 1292 ಮಾನದಂಡಗಳೆರಡೂ ಇದೇ ದಾರಿಯವು. ರಬ್ಬರ್ ಮಾರುವವರನ್ನು ಕೇಳಬೇಕಾದದ್ದೂ ಇಷ್ಟೇ: ಇಂಥ ದಪ್ಪಕ್ಕೆ ಇಂಥ ಎತ್ತರ ಎಂದು ಬರೆದ ಪರೀಕ್ಷಾ ವರದಿ ಎಲ್ಲಿ? ಒಂದಿಂಚಿನದು ಜಿಮ್ಮಿನ ನೆಲಕ್ಕೆ ಹಾಕುವ ಟೈಲ್. 5 ಅಡಿಯ ಅಟ್ಟದ ಕೆಳಗೆ ಅದನ್ನು ನಂಬಬೇಡಿ. ಸಾಲದ್ದಕ್ಕೆ ಏಪ್ರಿಲ್ ಬಿಸಿಲಿಗೆ ಕಪ್ಪು ರಬ್ಬರ್ ಬರಿಗಾಲನ್ನು ಸುಡುತ್ತದೆ.

ಇನ್ನು ಮರಳಿನ ಆಳ. ಯುರೋಪಿನ ಇಎನ್ 1176 ಪ್ರಕಾರ 2 ಮೀಟರ್ ವರೆಗಿನ ಬೀಳುವಿಕೆಗೆ 200 ಮಿ.ಮೀ. ಮರಳು ಬೇಕು, ತುಳಿತಕ್ಕೆ ಚದುರಿ ಹೋಗುವುದಕ್ಕೆಂದು ಮೇಲೆ 100 ಮಿ.ಮೀ. ಒಟ್ಟು ಒಂದಡಿ. ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗದ ಲೆಕ್ಕ ಇದಕ್ಕಿಂತ ಬಿಗಿ: ಒಂದಡಿ ತುಂಬಿದ್ದು ಕುಸಿದು 9 ಇಂಚಾಗುತ್ತದೆ, ಆ 9 ಇಂಚು 4 ಅಡಿ ಎತ್ತರಕ್ಕೆ ಮಾತ್ರ ಸಾಕು. ನಿಮ್ಮ ಅಟ್ಟ 5 ಅಡಿ. ಅದನ್ನು ಒಂದಡಿ ತಗ್ಗಿಸಿಬಿಟ್ಟರೆ ಎರಡೂ ಲೆಕ್ಕಕ್ಕೆ ಒಪ್ಪುತ್ತದೆ. ಹಾಗೇ ಮಾಡಿ ಎಂಬುದು ನಮ್ಮ ಸಲಹೆ.

ಹೇಗೂ ಜಾರುಬಂಡೆಯನ್ನು ಒಮ್ಮೆ ಕೀಳಲೇಬೇಕು. ಈಗಿರುವ ಹಾಗೇ ಸುತ್ತ ಗುಂಡಿ ತೋಡಿದರೆ ಕಂಬದ ಬುಡದ ಕಾಂಕ್ರೀಟ್ ಮೇಲೆದ್ದು ನಿಲ್ಲುತ್ತದೆ, ಮರಳು ಸರಿದ ದಿನ ಮಗುವಿನ ತಲೆ ಬೀಳುವುದು ಅದರ ಮೇಲೆಯೇ. ಕಾಂಕ್ರೀಟಿನ ತಲೆ ಮರಳಿನ ಮಟ್ಟದಿಂದ 400 ಮಿ.ಮೀ. ಆದರೂ ಕೆಳಗಿರಬೇಕು. ಗುಂಡಿ ಒಂದೂವರೆ ಅಡಿ ಆಳವಿರಲಿ. ಅದರ ತಳಕ್ಕಿಂತ ಕೆಳಗೆ ಹೊಸ ಕಾಂಕ್ರೀಟ್ ಹಾಕಿ. ಅಟ್ಟ ಒಂದಡಿ ಇಳಿಯುವುದರಿಂದ ಕಾಲಿಗೆ ಸಾಲದೆ ಬರುವುದು ಅರ್ಧ ಅಡಿ ಮಾತ್ರ, ಅಷ್ಟು ಪೈಪನ್ನು ವೆಲ್ಡಿಂಗಿನವರು ಬೆಸೆದು ಕೊಡುತ್ತಾರೆ. ಜಾರುವ ತಗಡಿನ ಕೆಳತುದಿ ಮಾತ್ರ ಮರಳಲ್ಲಿ ಹೂತುಹೋಗದಂತೆ ಮೇಲಿರಲಿ.

ಸುತ್ತ ಎಲ್ಲ ಕಡೆಗೂ 6 ಅಡಿ ಬಿಡಿ. ಅಂದರೆ ಗುಂಡಿ 22 ಅಡಿಗೆ 15 ಅಡಿ, 330 ಚದರಡಿ. ತಳಕ್ಕೆ ಅರ್ಧ ಅಡಿ ಜಲ್ಲಿ, ಅಂದರೆ 165 ಘನ ಅಡಿ. ಅದರ ಮೇಲೆ ನೀರು ಇಳಿಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ. ಅದರ ಮೇಲೆ 330 ಘನ ಅಡಿ ಮರಳು, ತೂಕದಲ್ಲಿ ಸುಮಾರು 15 ಟನ್. ಬಟ್ಟೆ ಇಲ್ಲದಿದ್ದರೆ ಮರಳು ಜಲ್ಲಿಯೊಳಗೆ ಇಳಿದುಹೋಗುತ್ತದೆ. ತಳವನ್ನು ಒಂದು ಕಡೆಗೆ ಇಳಿಜಾರು ಮಾಡಿ ಪೈಪಿನಿಂದ ನೀರು ಹೊರಬಿಡದಿದ್ದರೆ ಮುಂಗಾರಿನಲ್ಲಿ ಅದು ಕೊಳ.

ಎಂ-ಸ್ಯಾಂಡ್ ಬೇಡ. ಕಲ್ಲು ಪುಡಿ ಮಾಡಿದ ಆ ಕಣಗಳಿಗೆ ಮೂಲೆಗಳಿವೆ, ಜೊತೆಗೆ ದೂಳು. ನೆನೆದು ತುಳಿದರೆ ಒಂದನ್ನೊಂದು ಕಚ್ಚಿಕೊಂಡು ಗಟ್ಟಿಯಾಗುತ್ತವೆ. ಕಟ್ಟಡಕ್ಕೆ ಒಳ್ಳೆಯದಾದ ಗುಣ ಇಲ್ಲಿ ಕೆಟ್ಟದ್ದು. ಬೇಕಾದದ್ದು 0.2ರಿಂದ 2 ಮಿ.ಮೀ. ಕಣದ, ತೊಳೆದ, ದುಂಡು ಕಣದ ಹೊಳೆ ಮರಳು, ಪರವಾನಗಿ ಚೀಟಿ ಸಹಿತ. ಒದ್ದೆ ಮರಳನ್ನು ಮುಷ್ಟಿಯಲ್ಲಿ ಹಿಂಡಿ ನೋಡಿ: ಉಂಡೆ ಕಟ್ಟಿ ಹಾಗೇ ನಿಂತು ಅಂಗೈಗೆ ಕೆಸರು ಹತ್ತಿದರೆ ಮಣ್ಣು ಹೆಚ್ಚಿದೆ, ಲೋಡ್ ವಾಪಸ್ ಕಳಿಸಿ.

ಕಂಬಗಳ ಮೇಲೆ ಮರಳಿನ ಮಟ್ಟಕ್ಕೆ ಬಣ್ಣದ ಗೆರೆ ಎಳೆಯಿರಿ. ಜಾರಿ ಇಳಿಯುವ ಜಾಗದಲ್ಲಿ ಮೊದಲು ಹಳ್ಳ ಬೀಳುವುದು. ಅಲ್ಲಿ ದಿನಾ ಬೆಳಿಗ್ಗೆ ಎಳೆದು ಸಮ ಮಾಡಬೇಕು. ವಾರಕ್ಕೊಮ್ಮೆ ಇಡೀ ಗುಂಡಿಯನ್ನು ಕುಂಟೆಯಿಂದ ಕೆದಕಿ, ಗಾಜು, ಮೊಳೆ, ಕಲ್ಲು ಹೆಕ್ಕಿ. ರಾತ್ರಿ ಬಲೆ ಮುಚ್ಚಿ: ನಾಯಿ, ಬೆಕ್ಕಿನ ಹೇಲಿನಿಂದ ಜಂತುಹುಳದ ಮೊಟ್ಟೆ ಮರಳಿಗೆ ಸೇರುತ್ತದೆ. ಈ ಕೆಲಸಕ್ಕೆ ಒಬ್ಬರ ಹೆಸರನ್ನು ಸಭೆಯಲ್ಲೇ ನಿಗದಿ ಮಾಡಿ.

ಉಯ್ಯಾಲೆಯದು ಬೇರೆ ಲೆಕ್ಕ. ಮೇಲಿನ ಪೈಪಿನ ಎತ್ತರದ ಎರಡರಷ್ಟು ಜಾಗ ಮುಂದೆ, ಅಷ್ಟೇ ಹಿಂದೆ ಬೇಕು: 16 ಮತ್ತು 16, ಒಟ್ಟು 32 ಅಡಿ ಉದ್ದದ ಮರಳು, ಅದೂ ಜಾರುಬಂಡೆಯ ಜಾಗದೊಳಗೆ ನುಗ್ಗದಂತೆ. ಅಮೆರಿಕದವರು ಬೀಳುವ ಎತ್ತರವನ್ನೂ ಆ ಪೈಪಿನಿಂದಲೇ ಎಣಿಸುತ್ತಾರೆ. 8 ಅಡಿಗೆ ಒಂದಡಿ ಮರಳು ಅವರ ಲೆಕ್ಕದಲ್ಲಿ ಸಾಲದು. 9 ಇಂಚು ಮರದ ಚಕ್ಕೆ 10 ಅಡಿಗೂ ತಡೆಯುತ್ತದೆ, ಆದರೆ ನಿಮ್ಮಲ್ಲಿ ಗೆದ್ದಲು ಅದನ್ನು ಎಷ್ಟು ದಿನ ಬಿಟ್ಟೀತು? ಇರುವ ಹಣವನ್ನೆಲ್ಲ ಜಾರುಬಂಡೆಗೆ ಹಾಕಿ. ಉಯ್ಯಾಲೆಯ ಸರಪಳಿ ಮಾತ್ರ ಬಿಚ್ಚಿ ಚೌಕಟ್ಟು ಬಿಟ್ಟರೆ ಮಕ್ಕಳು ಅದನ್ನೇ ಹತ್ತಿ ನೇತಾಡುತ್ತಾರೆ. ಕಂಬ ಸಮೇತ ಕಿತ್ತು ಒಳಗಿಡಿ.